ಮಾತಾಡದ ಹುಡುಗಿಗೆ ಮಾತು ಬಂದಾಗ

ಮೈಕ್ ಹಿಡಿದು ಥೇಟರಿನ ಬಾಗಿಲಲ್ಲಿ ನಿಲ್ಲುವವರಿಗೆ ಇಂಥವು ಆಗುತ್ತಲೇ ಇರುತ್ತವೆ. ಸಾಕಪ್ಪ ಅಂದುಕೊಳ್ಳುವಷ್ಟರಲ್ಲಿ ಶುಕ್ರವಾರ ಬರುತ್ತದೆ, ಇನ್ನೊಂದು ಸಿನಿಮಾ ಬರುತ್ತದೆ, ಜನ ಹೊರಗೆ ಬರುತ್ತಾರೆ, ನಾನು "ಹೆಂಗೈತ್ರಿ ಸಿನಿಮಾ?" ಅನ್ನಲೇಬೇಕು. ಗೋಕಾಕದ ಒಂದು ಸಣ್ಣ ಯೂಟ್ಯೂಬ್ ಚಾನೆಲ್ಲಿನಲ್ಲಿ ನನ್ನ ಕೆಲಸವೇ ಅದು.

ಆದರೆ ಈ ಸಲ ಬಂದ ಸಿನಿಮಾದ ಕಥೆ ನನ್ನ ಹಳೆಯ ಗೆಳತಿಯದು. ಸಾಲಿ ಬಿಟ್ಟು ಬಂದು ನಾನೂ ನಮ್ಮಣ್ಣನೂ ಟಿವಿ ಮುಂದೆ ಕೂತು ನೋಡುತ್ತಿದ್ದ ಜಪಾನಿ ಕಾರ್ಟೂನು. ಕತ್ತಿ ಹಿಡಿದ ಒಬ್ಬ ಹುಡುಗಿ. ಕಳೆದುಹೋದ ಅಣ್ಣ ಸಿಗುವವರೆಗೆ ಬಾಯಿ ಬಿಡುವುದಿಲ್ಲ ಅಂತ ಹಟ ತೊಟ್ಟವಳು. ವರ್ಷಗಟ್ಟಲೆ ಒಂದು ಮಾತೂ ಆಡಲಿಲ್ಲ. ಕೊನೆಯ ಕಂತಿನಲ್ಲಿ "ಅಣ್ಣಾ" ಅಂದಳು, ಅಷ್ಟೇ. ಅವತ್ತು ನಮ್ಮಣ್ಣ ಮೂಗು ಒರೆಸಿಕೊಳ್ಳುತ್ತ ಹಿತ್ತಲಿಗೆ ಓಡಿದ್ದ. ಈಗ ಅದನ್ನೇ ನಿಜವಾದ ಮನುಷ್ಯರನ್ನು ಹಾಕಿ ಸಿನಿಮಾ ಮಾಡಿದ್ದರು. ಹಿಂದಿ ಡಬ್ಬಿಂಗ್ ನಮ್ಮ ಕಡೆಗೂ ಬಂತು. ಟ್ರೇಲರಿನ ಮೊದಲ ದೃಶ್ಯದಲ್ಲೇ ಆ ಹುಡುಗಿ ಗಂಟಲು ಹರಿದುಕೊಂಡು ಡೈಲಾಗ್ ಹೊಡೆಯುತ್ತಿದ್ದಳು. ನೋಡುವ ಧೈರ್ಯ ನನಗೆ ಬರಲಿಲ್ಲ. ಮೈಕ್ ಹಿಡಿದು ಹೊರಗೇ ನಿಂತೆ.

ಗೊಂಬಿ ಎಲ್ಲಿ?

ಗೋಕಾಕದ ಥೇಟರಿನಿಂದ ಮೊದಲು ಹೊರಬಿದ್ದವರು ಟೊಪ್ಪಿಗೆ ಹಾಕಿದ ಒಬ್ಬ ಅಜ್ಜ. ಮುಖದ ಮೇಲೆ ಸಿಟ್ಟು ಕುಣಿಯುತ್ತಿತ್ತು.

"ಅಜ್ಜಾರ, ಹೆಂಗೈತ್ರಿ?"

"ಮನ್ಯಾಗ ಹುಡುಗೂರು ಗೊಂಬಿ ಪಿಚ್ಚರ್ ಐತಿ, ಹೋಗಿ ಬಾ ಅಂದ್ರು. ಬಂದು ನೋಡಿದ್ರ ಒಂದ ಗೊಂಬಿ ಇಲ್ಲ, ಬರೇ ಮನಷ್ಯಾರ!"

"ಮನಷ್ಯಾರ ಚಲೋ ಮಾಡ್ಯಾರಲ್ರಿ?"

"ತಂಗಿ, ಮನಷ್ಯಾರ್ನ ನೋಡಾಕ ನಾ ಇಲ್ಲಿಗ್ಯಾಕ ಬರ್ಲಿ? ಸಂತಿಗೆ ಹೋಗ್ತಿದ್ನಿ."

ಇಷ್ಟು ಖರೆ ವಿಮರ್ಶೆ ನನಗೆ ಎಂದೂ ಸಿಕ್ಕಿರಲಿಲ್ಲ. ಖುಷಿಯಿಂದ ಆಫೀಸಿಗೆ ಓಡಿದೆ. ನಮ್ಮ ಚಾನೆಲ್ ಮಾಲಕರು ಅಜ್ಜನನ್ನು ಒಂದೇ ಏಟಿಗೆ ಕತ್ತರಿಸಿ ಒಗೆದರು. "ಥೇಟರ್‌ನವರು ನಮಗ ಜಾಹೀರಾತ ಕೊಡ್ತಾರ. ಇಂಥಾವೆಲ್ಲ ಬ್ಯಾಡ. ಅಜ್ಜ ಒಳಗ ಹೋಗೂ ಮುಂದ ನಗತಿದ್ದಲ್ಲ, ಅಷ್ಟ ಇಡು."

ಹುಕ್ಕೇರಿಯ ಮಾತುಗಾರ

ಹುಕ್ಕೇರಿಯಲ್ಲಿ ಜನವೇ ಇರಲಿಲ್ಲ. ಗೇಟಿನ ಬಾಜೂ ಒಬ್ಬ ಮಾತ್ರ ಕೂಲಿಂಗ್ ಗ್ಲಾಸ್ ಏರಿಸಿಕೊಂಡು ನಿಂತಿದ್ದ. ಮೈಕ್ ಚಾಚಿದ್ದೇ ತಡ, ನಲ್ಲಿ ತಿರುವಿದ ಹಾಗೆ ಶುರುವಾದ. "ಸೂಪರ್ ಐತ್ರಿ! ಫೈಟಿಂಗ ಬೆಂಕಿ! ಹೀರೋಯಿನ್ ಅಂತೂ ಜೀವಾ ತುಂಬ್ಯಾಳ್ರಿ. ಸೆಕೆಂಡ್ ಹಾಫ್‌ನ್ಯಾಗ ಕಣ್ಣ ಮಿಟುಕಿಸಾಕ ಆಗೂದಿಲ್ರಿ. ಎಲ್ಲಾರೂ ಫ್ಯಾಮಿಲಿ ಸಮೇತ ಬಂದು ನೋಡ್ರಿ!"

ನಾನು ಕೇಳಿದೆ, "ಯಾವ ಶೋ ನೋಡಿದ್ರಿ?"

"ಇನ್ನೂ ಒಳಗ ಹೋಗಿಲ್ರಿ ಅಕ್ಕಾರ."

"ಮತ್ತ ಇಷ್ಟೆಲ್ಲಾ ಹೇಳಿದ್ರಿ?"

"ನೋಡಿ ಬಂದಮ್ಯಾಲ ಇಷ್ಟ ಚಲೋ ಹೇಳಾಕ ಬರತೈತೋ ಇಲ್ಲೋ, ಯಾಂವಗ ಗೊತ್ತ?"

ಇವನ ಒಂದು ಅಕ್ಷರವನ್ನೂ ಮಾಲಕರು ಕತ್ತರಿಸಲಿಲ್ಲ.

ಆ ವಿಡಿಯೋದ ಕೆಳಗೆ ಯಾರೋ ಒಬ್ಬ ಬರೆದ: "ಮೈಕ್ ಹಿಡಿದಾಕಿಗೆ ಕಾರ್ಟೂನ್ ಅಂದ್ರ ಏನಂತ ಗೊತ್ತಿಲ್ಲ. ಇಕಿನ್ನ ಕರದಂಟ ಮಾರಾಕ ಹಚ್ಚರಿ." ಆ ಹುಡುಗಿಯ ಪ್ರತಿ ಕಂತೂ ನನಗೆ ಬಾಯಿಪಾಠ. ಉತ್ತರ ಬರೆಯಲು ಹೋಗಿ, ಅದರ ಕೆಳಗೆ ಕೆಂಪು ಹಾರ್ಟ್ ಕಂಡು ಬರೆದದ್ದನ್ನು ಅಳಿಸಿದೆ. ನಮ್ಮ ಚಾನೆಲ್ಲೇ ಒತ್ತಿತ್ತು. ಅದರ ಪಾಸ್‌ವರ್ಡ್ ಇರುವುದು ಮಾಲಕರ ಹತ್ತಿರ ಮಾತ್ರ.

ಅಣ್ಣನ ಅಭಿಪ್ರಾಯ

ಮೂಡಲಗಿಯಲ್ಲಿ ನಮ್ಮಣ್ಣ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಯಾರು ಏನೇ ಅನ್ನಲಿ, ಇವನಿಗಾದರೂ ನನ್ನ ಹೊಟ್ಟೆಯ ಉರಿ ಗೊತ್ತಾಗುತ್ತದೆ ಅಂತ ಹೋದೆ. ಅಂಗಡಿ ತುಂಬ ಗಿರಾಕಿ. ಚೀಲದ ಮೇಲೆ ಕೂತು ಕಾದೆ.

"ಸಿನಿಮಾ ನೋಡಿದೇನಣ್ಣಾ?"

"ಹೂಂ. ಯಾರೋ ಮೊಬೈಲಿಗೆ ಕಳಿಸಿದ್ರು. ಚಲೋ ಐತಲ್ಲ."

ನಾನು ಚೀಲದಿಂದ ಎದ್ದೆ. "ಚಲೋ ಐತಾ? ಆಕಿ ವಟವಟ ಮಾತಾಡ್ತಾಳ! ನಮ್ಮ ಹುಡುಗಿ ಬಾಯಿ ಬಿಟ್ಟಿದ್ಲೇನು? ಎಲ್ಲಾ ಮರ್ತಿ?"

ಅಣ್ಣ ತಕ್ಕಡಿಯಿಂದ ಕಣ್ಣೆತ್ತಿದ. "ಮಾತಾಡ್ತಾಳೇನು? ನನಗ ಗೊತ್ತ ಇಲ್ಲವ್ವಾ. ಗಿರಾಕಿ ಇರತಾರಂತ ಸೌಂಡ್ ಬಂದ್ ಮಾಡಿ ನೋಡಿನಿ."

ಇಷ್ಟೂ ಊರುಗಳಲ್ಲಿ ಆ ಸಿನಿಮಾವನ್ನು ಸರಿಯಾಗಿ ನೋಡಿದವನು ನಮ್ಮಣ್ಣ ಒಬ್ಬನೇ.

ಬೇಕಾಗಿದ್ದಾಳೆ

ಕೊನೆಗೆ ರವಿವಾರ ನಾನೂ ಟಿಕೆಟ್ ತೆಗೆಸಿ ಹೋದೆ. ಆಕೆ ಕೂಗಿದಳು, ಹಾಡಿದಳು, ಮಳೆಯಲ್ಲಿ ಕುಣಿದಳು. ಕೊನೆಗೆ ಅಣ್ಣ ಸಿಕ್ಕಾಗ, ಅಷ್ಟು ಮಾತಾಡಿ ದಣಿದಿದ್ದಳೋ ಏನೋ, ಸುಮ್ಮನೆ ತಬ್ಬಿಕೊಂಡಳು. ನಮ್ಮ "ಅಣ್ಣಾ" ಅನ್ನುವ ಆ ಒಂದೇ ಒಂದು ಮಾತನ್ನು ತೆಗೆದುಬಿಟ್ಟಿದ್ದರು!

ಸ್ಕೂಟಿ ಹತ್ತುವ ಮುಂಚೆ ಧೂಳಿಗೆ ಅಂತ ಓಢಣಿಯನ್ನು ಕಣ್ಣಷ್ಟೇ ಕಾಣುವಂತೆ ಮುಖಕ್ಕೆ ಸುತ್ತಿಕೊಂಡೆ. ಆ ಕಣ್ಣಲ್ಲಿ ನೀರು ನಿಲ್ಲುತ್ತಿರಲಿಲ್ಲ. ಅಷ್ಟರಲ್ಲಿ ಇನ್ನೊಂದು ಚಾನೆಲ್ಲಿನವನು ಬಂದು ಮೈಕ್ ಹಿಡಿದ. ಇಷ್ಟು ವರ್ಷದಲ್ಲಿ ನನ್ನ ಅಭಿಪ್ರಾಯ ಕೇಳಿದ ಮೊದಲ ಮನುಷ್ಯ! ಒಳಗಿದ್ದದ್ದನ್ನೆಲ್ಲ ಕಾರಿಕೊಂಡೆ. "ಅಳು ತಡಕೊಳ್ಳಾಕ ಆಗಲಿಲ್ರಿ. ಎಂಥಾ ಕಥಿ, ಹೆಂಗ ಹಾಳ ಮಾಡ್ಯಾರ!" ಅಂತ ಶುರು ಮಾಡಿ, ಅವನ ಕೈ ಸೋಲುವವರೆಗೂ ಬೈದೆ.

ಮರುದಿನ ಆಫೀಸಿನಲ್ಲಿ ಮಾಲಕರು ಮೊಬೈಲ್ ತೋರಿಸಿದರು. ದೊಡ್ಡ ಅಕ್ಷರದಲ್ಲಿ "ಸಿನಿಮಾ ನೋಡಿ ಬಿಕ್ಕಿ ಬಿಕ್ಕಿ ಅತ್ತ ಯುವತಿ!" ಅಂತ ಇತ್ತು. ಕೆಳಗೆ ಓಢಣಿ ಸುತ್ತಿದ ನಾನು. "ಅಳು ತಡಕೊಳ್ಳಾಕ ಆಗಲಿಲ್ರಿ. ಎಂಥಾ ಕಥಿ!" ಅಲ್ಲಿಗೆ ಕತ್ತರಿ. ಹಿಂದೆ ಪಿಟೀಲು ಬೇರೆ.

"ನೋಡ," ಅಂದರು ಮಾಲಕರು, "ಮಂದಿಗೆ ಎಂಥಾ ಪಬ್ಲಿಕ್ ಸಿಗತಾರ! ನಿನಗ ಒಬ್ಬರೂ ಸಿಗಂಗಿಲ್ಲ. ಕಣ್ಣಾಗ ಎಷ್ಟ ಭಾವನಾ ಐತಿ ಆ ಹುಡುಗೀಗೆ! ಎಲ್ಲಿದ್ರೂ ಹುಡಿಕ್ಯಾಡಿ ಕರಕೊಂಡ ಬಾ. ನಿನ್ನ ಜಾಗಾಕ್ಕ ಆಕಿನ್ನ ಹಚ್ಚೂಣು."

"ಆಕಿ ಬರೂದಿಲ್ರಿ ಸರ್," ಅಂದೆ. "ನೀವು ಕೊಡೂ ಪಗಾರ ಆಕಿಗೆ ಗೊತ್ತೈತಿ."