ಮೂರು ಪ್ಲೇಯರು, ಒಂದು ಬಾಣಂತಿ ಕೋಣೆ

ಸಂಸಾರಸ್ಥನಾದ ಗಂಡಸಿಗೆ ಮನೆಯಲ್ಲಿ ತನ್ನದು ಎಂದು ಹೇಳಿಕೊಳ್ಳಲು ಏನಿರುತ್ತದೆ, ನೀವೇ ಹೇಳಿ. ಅಡುಗೆಮನೆ ಹೆಂಡತಿಯದು, ದೇವರಮನೆ ಅವ್ವನದು, ಪಡಸಾಲೆ ಬಂದುಹೋಗುವವರದು. ಕಡೂರಿನ ತಾಲ್ಲೂಕು ಕಚೇರಿಯಲ್ಲಿ ಇಡೀ ದಿನ ಕಂಡವರ ಜಮೀನಿನ ಖಾತೆ ಬರೆದು ಸಂಜೆ ಬಂದರೆ, ನನ್ನ ಹೆಸರಿಗೇ ಖಾತೆಯಾದ ಮನೆಯಲ್ಲಿ ಕಾಲು ಚಾಚಲು ನಾನು ಜಾಗ ಹುಡುಕಬೇಕಿತ್ತು. ಹೀಗಿರುವಾಗ ನಲವತ್ತು ದಾಟಿದವನಿಗೆ ಒಂದು ಕೋಣೆ ಬೇಕೆನಿಸಿದ್ದರಲ್ಲಿ ತಪ್ಪೇನೂ ಇಲ್ಲ ಎಂದು ಈಗಲೂ ವಾದಿಸುತ್ತೇನೆ. ಅದರಲ್ಲಿ ಮೂರು ಮೂರು ರೆಕಾರ್ಡ್ ಪ್ಲೇಯರ್ ಯಾಕೆ ಎಂದು ಕೇಳಿದರೆ ಮಾತ್ರ ಕೊಂಚ ತಡವರಿಸುತ್ತೇನೆ.

ಮೂರೂ ಒಟ್ಟಿಗೆ ಬಂದವಲ್ಲ. ಸೂಟ್‌ಕೇಸಿನಂತೆ ಮುಚ್ಚಿಡುವ ಕರೆಂಟಿನ ಪ್ಲೇಯರು ಮೊದಲಿನಿಂದಲೂ ಇತ್ತು. ಅಜ್ಜಂಪುರದಲ್ಲಿ ಜವಳಿ ಅಂಗಡಿಯವರೊಬ್ಬರು ಅಂಗಡಿ ಮುಚ್ಚಿದಾಗ, ಕೀಲಿ ಕೊಟ್ಟು ತಿರುಗಿಸುವ ಹಳೆಯ ಗ್ರಾಮಫೋನು ಬಂತು. ಆಮೇಲೆ ಕ್ಯಾಸೆಟ್ಟಿನ ಕಾಲ ಶುರುವಾಯಿತು. ತರೀಕೆರೆಯಲ್ಲಿ ಮದುವೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ ಬಸಣ್ಣ, "ಇನ್ನು ಈ ಗುಂಡುಕಲ್ಲು ಹೊರೋದು ಯಾಕೆ ಸಾರ್? ನೀವೇ ಸಾಕ್ಕೊಳ್ಳಿ" ಎಂದು ತನ್ನ ದೊಡ್ಡ ಪ್ಲೇಯರನ್ನು ನನಗೆ ಒಪ್ಪಿಸಿಬಿಟ್ಟ. ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದವನಿಗೆ ಎರಡು ದಿನ ಸೊಂಟ ಹಿಡಿದಿತ್ತು.

"ಮನುಷ್ಯನಿಗೆ ಇರೋದು ಎರಡೇ ಕಿವಿ ಕಣ್ರೀ, ಮೂರನೇದು ಯಾರಿಗೆ?" ಎಂದಳು ನನ್ನ ಹೆಂಡತಿ ನಾಗರತ್ನ. ಹಳೆಯ ರೆಕಾರ್ಡು ಒಂದು ವೇಗಕ್ಕೆ, ಹೊಸದು ಇನ್ನೊಂದು ವೇಗಕ್ಕೆ, ಒಂದೊಂದಕ್ಕೂ ತಕ್ಕ ಮುಳ್ಳು ಬೇಕು ಎಂದು ವಿವರಿಸತೊಡಗಿದೆ. ಅವಳು ಒಲೆಯ ಮೇಲಿನ ಹಾಲು ನೆನಪಾಗಿ ಒಳಗೆ ಹೋದಳು. ಅವಳಿಗೆ ಹಾಲು ನೆನಪಾಗುತ್ತಿದ್ದದ್ದೇ ನಾನು ಸಂಗೀತದ ಮಾತು ತೆಗೆದಾಗ.

ಕೋಣೆ ಯಾವುದು ಎಂದು ಯೋಚಿಸಿದೆ. ಗಾಳಿ ನುಗ್ಗಬಾರದು, ಧೂಳು ಬರಬಾರದು, ಬೀದಿಯ ಸದ್ದು ಕೇಳಬಾರದು. ಇಷ್ಟೂ ಗುಣವಿದ್ದದ್ದು ನಮ್ಮ ಮನೆಯಲ್ಲಿ ಒಂದಕ್ಕೇ, ಬಚ್ಚಲಿಗೆ ಹೊಂದಿಕೊಂಡ ಬಾಣಂತಿ ಕೋಣೆಗೆ. ನಾನು ಹುಟ್ಟಿದ್ದು ಅಲ್ಲೇ, ನನ್ನ ತಂಗಿ ಶಾರದೆ ಹುಟ್ಟಿದ್ದೂ ಅಲ್ಲೇ. ಆಮೇಲೆ ಅದರಲ್ಲಿ ಹುಣಸೆಹಣ್ಣಿನ ಮಡಕೆಗಳು ಸೇರಿಕೊಂಡಿದ್ದವು. ಅವನ್ನು ಅಟ್ಟಕ್ಕೆ ಕಳಿಸಿ ಕೆಲಸ ಶುರುಮಾಡಿದೆ. ನೆಲ ಬಚ್ಚಲ ಕಡೆಗೆ ವಾಟವಾಗಿತ್ತು. ಮುಳ್ಳು ಇಟ್ಟರೆ ಅದೂ ಬಚ್ಚಲಿಗೇ ಹೊರಡುತ್ತಿತ್ತು. ಊಟದ ತಟ್ಟೆಗೆ ನೀರು ಹಾಕಿ, ಮಟ್ಟ ನೋಡಿ ನೋಡಿ, ಪ್ಲೇಯರು ಇಟ್ಟ ಮಣೆಗಳ ಕೆಳಗೆ ರಟ್ಟು ತುರುಕಿದೆ. ಬಸಣ್ಣನ ಪ್ಲೇಯರಿಗೆಂದು ಗೋಡೆಗೆ ಕಲ್ಲಿನ ಹಲಗೆಯನ್ನೇ ಕಟ್ಟಿಸಿದೆ. ದನಿ ಮಾರ್ದನಿಸದಿರಲಿ ಎಂದು ಕೊಬ್ಬರಿ ಮಂಡಿಯಿಂದ ಗೋಣಿಚೀಲ ತಂದು ನಾಲ್ಕೂ ಗೋಡೆಗೆ ಹೊಡೆದೆ. ನಡುವೆ ಒಂದು ಬೆತ್ತದ ಕುರ್ಚಿ. ಯಾರಾದರೂ ಓಡಾಡಿದರೆ ಮುಳ್ಳು ಹಾರುತ್ತದೆಂದು ಎಲ್ಲರಿಗೂ ಪ್ರವೇಶ ನಿಷೇಧಿಸಿದೆ. ಸಂಜೆ ಒಬ್ಬನೇ ಅಲ್ಲಿ ಕೂತರೆ ಅಮಲ್ದಾರರೂ ನನ್ನ ಮುಂದೆ ಯಾವ ಲೆಕ್ಕ ಅನಿಸುತ್ತಿತ್ತು.

ಈ ವೈಭವ ಏಳು ತಿಂಗಳು ನಡೆಯಿತು. ಒಂದು ಶನಿವಾರ ಅಜ್ಜಂಪುರದಿಂದ ಕಾಗದ ಬಂತು. ಅಲ್ಲಿಗೆ ಮದುವೆಯಾಗಿ ಹೋಗಿದ್ದ ಶಾರದೆ ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಾಳೆ. ಸಂತೋಷವಾಯಿತು. ಆದರೆ ಸುಳ್ಳು ಯಾಕೆ ಹೇಳಲಿ, ಅದರ ಹಿಂದೆಯೇ ನನ್ನ ಮೂರು ಪ್ಲೇಯರು ನೆನಪಾದವು. ಅವ್ವ ಆಗಲೇ ನನ್ನ ಕೋಣೆಯೊಳಗೆ ನಿಂತು ಗೋಡೆ ತಟ್ಟಿ ನೋಡುತ್ತಿದ್ದಳು.

"ಭೇಷ್ ಕಣೋ ಮಗನೇ! ಗಾಳಿ ಇಲ್ಲ, ಸದ್ದಿಲ್ಲ, ಗೋಡೆ ಥಂಡಿ ಹೊಡೆಯಲ್ಲ. ತಂಗಿಗೆ ಅಂತ ಎಷ್ಟು ಚೆನ್ನಾಗಿ ಮಾಡಿದೀಯೋ!"

"ಅವ್ವಾ, ಇದು ಹಾಡು ಕೇಳೋ ಕೋಣೆ."

"ಕೇಳೀವಂತೆ, ಮಗು ಹುಟ್ಲಿ. ಅದೇ ಹಾಡ್ತದೆ."

ಪಡಸಾಲೆಯಲ್ಲಿ ಪರದೆ ಕಟ್ಟೋಣ, ಅಲ್ಲಿ ಬೆಳಕು ಚೆನ್ನಾಗಿದೆ ಎಂದು ಒಂದು ಮಾತು ಆಡಿ ನೋಡಿದೆ. ಅವ್ವ ನನ್ನನ್ನು ನೋಡಿದ ರೀತಿಗೆ ನಾನೇ ಅಟ್ಟಕ್ಕೆ ಏಣಿ ಹಾಕಿದೆ. ಎರಡು ಪ್ಲೇಯರು ಅಟ್ಟಕ್ಕೆ ಹೋಗಿ ಹುಣಸೆಹಣ್ಣಿನ ಪಕ್ಕ ಕೂತವು. ಕಲ್ಲಿನ ಹಲಗೆಗೆ ಬಿಗಿದಿದ್ದ ಬಸಣ್ಣನ ಪ್ಲೇಯರು ಮಾತ್ರ ಅಲ್ಲಾಡಲಿಲ್ಲ. ಅದರ ಮುಚ್ಚಳದ ಮೇಲೆ ಕೂಸಿನ ಬಟ್ಟೆಗಳನ್ನು ಮಡಿಸಿಟ್ಟರು.

ಶಾರದೆಗೆ ಗಂಡು ಮಗುವಾಯಿತು. ಒಂದು ಮಧ್ಯಾಹ್ನ ಕೋಣೆಗೆ ಇಣುಕಿದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಮೂರು ತಾಲ್ಲೂಕಿನಲ್ಲಿ ಇಲ್ಲದಂಥ ಸಂಗೀತದ ಕೋಣೆ ಕಟ್ಟಿದ್ದೆನಲ್ಲ, ಅದರ ನಟ್ಟನಡುವೆ ನನ್ನ ತಂಗಿ ಎರಡೂ ಕಿವಿಗೆ ಹತ್ತಿ ಗಿಡಿದು, ಮೇಲೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿಕೊಂಡು ಕೂತಿದ್ದಳು. ಬಾಣಂತಿಯ ಕಿವಿಗೆ ಗಾಳಿ ಹೋಗಬಾರದೆಂದು ಅವ್ವನ ಆಜ್ಞೆ.

ಅವಳು ಮೆಲ್ಲಗೆ ಒಂದು ಕಿವಿಯ ಹತ್ತಿ ತೆಗೆದಳು. "ಅಣ್ಣಾ, ಅವ್ವ ಸಂತೆಗೆ ಹೋದ್ಲಾ? ಒಂದು ಹಾಡು ಹಾಕೋ. ನಿನ್ನ ಗೋಣಿಚೀಲ ನೋಡಿ ನೋಡಿ ತಲೆ ಚಿಟ್ಟು ಹಿಡಿದೋಗಿದೆ."

ಕೂಸಿನ ಬಟ್ಟೆ ಸರಿಸಿ, ನನ್ನ ಮೆಚ್ಚಿನ ಪಿಟೀಲಿನ ರೆಕಾರ್ಡು ಹಾಕಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಅರ್ಧಕ್ಕೆ ಕಣ್ಣು ತೆರೆದು, "ಇವ್ರು ಯಾಕೋ ಅಣ್ಣಾ, ಬಸ್ಸು ತಪ್ಪಿಹೋಗುತ್ತೆ ಅನ್ನೋ ಥರ ಬಾರಿಸ್ತಿದಾರೆ?" ಎಂದಳು. ನಿನಗೇನು ಗೊತ್ತು ಎಂದು ಗದರಿದೆ. ಆದರೂ ಮನಸ್ಸು ತಡೆಯದೆ ಮರುದಿನ ಗಡಿಯಾರ ಹಿಡಿದು ಪ್ಲೇಯರಿನ ತಟ್ಟೆಯ ಸುತ್ತು ಎಣಿಸಿದೆ. ಅವಳು ಹೇಳಿದ್ದೇ ನಿಜ, ತಟ್ಟೆ ಜೋರಾಗಿ ತಿರುಗುತ್ತಿತ್ತು. ಬಿಚ್ಚಿ ನೋಡಿದರೆ ಮೋಟಾರಿನ ಗಾಲಿ ದಪ್ಪವಾಗಿ ವೇಗ ಹೆಚ್ಚಲೆಂದು ಬಸಣ್ಣ ಅದಕ್ಕೆ ಅಂಟುಟೇಪು ಸುತ್ತಿದ್ದ. ಕೇಳಿದ್ದಕ್ಕೆ, "ಮದುವೆ ಮನೇಲಿ ನಿಧಾನಕ್ಕೆ ಹಾಡಿದ್ರೆ ಪಂಕ್ತಿ ಬೇಗ ಏಳಲ್ಲ ಸಾರ್" ಎಂದ. ಏಳು ತಿಂಗಳು ನಾನು ಧ್ಯಾನಸ್ಥನಾಗಿ ಕೇಳಿದ್ದು ಬೀಗರ ಊಟದ ವೇಗದ ಸಂಗೀತ. ಮಟ್ಟ ನೋಡುವುದರಲ್ಲಿ ಹಾಡು ಕೇಳುವುದೇ ನನಗೆ ಮರೆತುಹೋಗಿತ್ತು.

ಟೇಪು ಕಿತ್ತ ಮೇಲೆ ಅದೇ ರೆಕಾರ್ಡನ್ನು ಇಬ್ಬರೂ ಮತ್ತೆ ಕೇಳಿದೆವು. ಮಗು ಅವಳ ತೊಡೆಯ ಮೇಲೆ ಮಲಗಿತ್ತು. ಶಾರದೆಯ ಕಣ್ಣಲ್ಲಿ ನೀರು ಬಂತು, ನನಗೂ ಬಂತು. ಅವ್ವನಿಗೆ ಗೊತ್ತಾಗದೆ ಇರುತ್ತದೆಯೇ? "ಕಿವಿಗೆ ಗಾಳಿ ಹೋದ್ರೆ ಏನೋ ಗತಿ?" ಎಂದು ಇಬ್ಬರಿಗೂ ಮಂಗಳಾರತಿಯಾಯಿತು. ಕೊನೆಗೆ ಒಂದು ಕಿವಿಯ ಹತ್ತಿ ಅವ್ವನ ಮಾತಿಗೆ ಉಳಿಯಿತು, ಇನ್ನೊಂದು ಕಿವಿ ನನಗೆ ಸಿಕ್ಕಿತು. ಆಮೇಲಿನ ದಿನಗಳಲ್ಲಿ ನಾನು ಕಚೇರಿಯಿಂದ ಬಸ್ಸಿಗೂ ಕಾಯದೆ ನಡೆದೇ ಬರುತ್ತಿದ್ದೆ.

ಐದನೆಯ ತಿಂಗಳಲ್ಲಿ ಶಾರದೆ ಮಗುವನ್ನು ಎತ್ತಿಕೊಂಡು ಅಜ್ಜಂಪುರಕ್ಕೆ ಹೋದಳು. ಅಟ್ಟದಿಂದ ಇಳಿದ ಪ್ಲೇಯರುಗಳು ಮತ್ತೆ ತಮ್ಮ ಜಾಗಕ್ಕೆ ಬಂದವು. ಕೋಣೆ ಪೂರ್ತಿ ನನ್ನದಾಯಿತು. ಬಾಗಿಲು ಹಾಕಿಕೊಂಡು ಮೂರರಲ್ಲೂ ಒಂದಾದ ಮೇಲೊಂದರಂತೆ ಹಾಕಿ ಕೇಳಿದೆ. ಒಂದೂ ರುಚಿಸಲಿಲ್ಲ. ತಡೆಯಲಾರದೆ ತಂಗಿಗೆ ಕಾಗದ ಬರೆದೆ: ಹೊಸ ರೆಕಾರ್ಡು ಬಂದಿದೆ, ಇನ್ನೊಂದು ಬಾಣಂತನಕ್ಕೆ ಯಾವಾಗ ಬರುತ್ತೀಯೆ?

ವಾರದೊಳಗೆ ಉತ್ತರ ಬಂತು. "ಲೇ ಅಣ್ಣಾ, ನಿನ್ನ ರೆಕಾರ್ಡು ಕೇಳೋದಕ್ಕೆ ನಾನು ಇನ್ನೊಂದು ಹೆರಬೇಕೇನೋ? ಬಾ ಅಂದಿದ್ರೆ ಸುಮ್ಮನೇ ಬರ್ತಿದ್ದೆ."

ಅದನ್ನು ದೊಡ್ಡ ತಮಾಷೆಯೆಂದು ಅಡುಗೆಮನೆಗೆ ಹೋಗಿ ನಾಗರತ್ನಳಿಗೆ ಓದಿ ಹೇಳಿ ನಕ್ಕೆ. ಅವಳು ನಗಲಿಲ್ಲ. ಸೊಪ್ಪು ಬಿಡಿಸುತ್ತಲೇ, "ಅವಳಾದ್ರೂ ಪುಣ್ಯವಂತೆ ಬಿಡಿ. ನನ್ನ ಎರಡು ಹೆರಿಗೇನೂ ದೇವನೂರಲ್ಲಿ, ನಮ್ಮ ತವರಲ್ಲೇ ಆಗೋಯ್ತಲ್ರೀ. ಆ ಕೋಣೆಯೊಳಗೆ ಬರೋಕೆ ಈಗ ನಾನೇನ್ ಮಾಡ್ಲಿ?" ಎಂದಳು.