ಬೆತ್ತಲೆ ಬೈಕಿಗೊಂದು ಕೋಟು

"ನೋಡ್ತಾ ಇರಿ, ಇನ್ನು ಮುಂದೆ ಈ ಬೀದೀಲಿ ನನ್ನ ಹೆಂಡತಿ ನನ್ನ ಹಿಂದೆ ಕೂತ್ಕೊಂಡು ಹೋಗ್ತಾಳೆ!"

ದರ್ಜಿ ಹೀಗೆ ಘೋಷಿಸಿದ್ದು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಗಿರಾಕಿಯೊಬ್ಬನ ಸೊಂಟದ ಅಳತೆ ತೆಗೆಯುತ್ತ. ಘೋಷಣೆಯ ಗಾಂಭೀರ್ಯಕ್ಕೆ ಅದರಿಂದ ಕೊಂಚ ಕುಂದುಂಟಾಯಿತು, ನಿಜ. ಆದರೆ ನಿರ್ಧಾರ ಮಾತ್ರ ಉಕ್ಕಿನದು!

ಹೆಂಡತಿ ಸಿಟಿ ಬಸ್ಸಿನ ಡ್ರೈವರ್. ಮದುವೆಯಾದಾಗಿನಿಂದ ದರ್ಜಿ ಪ್ರಯಾಣ ಮಾಡಿದ್ದೆಲ್ಲ ಅವಳ ಬೆನ್ನು ನೋಡುತ್ತಲೇ. ಬಸ್ಸಿನಲ್ಲಾದರೆ ಅವಳ ಸೀಟಿನ ಹಿಂದೆ. ಸ್ಕೂಟರಿನಲ್ಲಾದರೆ ತರಕಾರಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅವಳ ಹಿಂದೆ. ಊರಿನ ಅರ್ಧ ಗಂಡಸರ ಭುಜದ ಅಳತೆ ಬಲ್ಲ ತನಗೆ ಒಂದು ಹ್ಯಾಂಡಲ್ ಹಿಡಿಯುವ ಯೋಗವಿಲ್ಲವೇ? ಲೈಸೆನ್ಸ್ ಏನೋ ಇತ್ತು. ಪ್ರಾಯದಲ್ಲಿ ಅಣ್ಣನ ಬೈಕಿನಲ್ಲಿ ಕಲಿತು ಪಡೆದದ್ದು. ಆಮೇಲೆ ಅದು ಆಗಾಗ ಹೊಸದಾಗುತ್ತ, ಎಂದೂ ಉಪಯೋಗಕ್ಕೆ ಬಾರದೆ ಬೀರುವಿನಲ್ಲಿ ಸುಖವಾಗಿ ನಿದ್ರಿಸುತ್ತಿತ್ತು.

ಅಳತೆ ಕೊಡುತ್ತಿದ್ದ ಗಿರಾಕಿ ಜಿಮ್ಮಿನಲ್ಲಿ ವ್ಯಾಯಾಮ ಕಲಿಸುವವನು. ಉಸಿರು ಬಿಗಿಹಿಡಿದೇ ಹೇಳಿದ: "ಅಣ್ಣಾ, ನನ್ನ ಬೈಕು ಮಾರೋಕಿದೆ. ನೇಕೆಡ್ ಬೈಕು."

ದರ್ಜಿಯ ಬಾಯಿಂದ ಗುಂಡುಸೂಜಿ ಉದುರಿತು. "ಏನಂದೆ?"

"ನೇಕೆಡ್ ಅಣ್ಣಾ. ಮೈಮೇಲೆ ಏನೂ ಇರಲ್ಲ."

"ಯಾರ ಮೈಮೇಲೆ? ಓಡಿಸೋನ ಮೈಮೇಲಾ?"

"ಅಯ್ಯೋ, ಬೈಕಿನ ಮೈಮೇಲೆ! ಪ್ಲಾಸ್ಟಿಕ್ ಹೊದಿಕೆ ಗಿದಿಕೆ ಇರಲ್ಲ. ಇಂಜಿನ್ನು, ಪೈಪು ಎಲ್ಲಾ ಎದ್ದು ಕಾಣುತ್ತೆ."

ಸಂಜೆ ಹೋಗಿ ನೋಡಿದ ದರ್ಜಿ ಅಲ್ಲೇ ಮರುಳಾದ. ಕಪ್ಪು ಟ್ಯಾಂಕು, ಅಗಲವಾದ ಹ್ಯಾಂಡಲ್, ಎದೆ ಸೆಟೆಸಿ ನಿಂತ ಜಟ್ಟಿಯ ಗತ್ತು! ಟ್ಯಾಂಕಿನ ಮೇಲಿದ್ದ ಉದ್ದನೆಯ ಗೀರು ಕೂಡ ಯುದ್ಧದಲ್ಲಿ ಗೆದ್ದು ಬಂದ ಗಾಯದಂತೆ ಕಂಡಿತು.

"ಒಂದು ರೌಂಡ್ ಹೋಗ್ಬನ್ನಿ ಅಣ್ಣಾ."

"ಬೇಡ ಬೇಡ. ನನಗೆ ಕಣ್ಣಲ್ಲೇ ಅಳತೆ ಗೊತ್ತಾಗುತ್ತೆ," ಎಂದು ದುಡ್ಡು ಎಣಿಸಿಕೊಟ್ಟ ದರ್ಜಿ. ಹಾಗಾಗಿ ತನ್ನ ಸ್ವಂತ ಬೈಕಿನ ಮೊದಲ ಸವಾರಿಯನ್ನೂ ಅವನು ಮಾರಿದವನ ಹಿಂದೆಯೇ ಕೂತು ಮುಗಿಸಿದ! ಬೀದಿಯ ತಿರುವಿನಲ್ಲಿ ಉಪಾಯವಾಗಿ ಜಿಮ್ಮಿನವನನ್ನು ಬೀಳ್ಕೊಟ್ಟು, ಅಲ್ಲಿಂದ ಬೈಕು ತಳ್ಳಿಕೊಂಡು ಗೇಟಿಗೆ ತಂದು, ವಿಜಯಶಾಲಿಯಂತೆ ಹಾರ್ನ್ ಬಾರಿಸಿದ.

ಹೆಂಡತಿ ಹೊರಗೆ ಬಂದಳು. "ಎಲ್ಲಿಂದ ತಳ್ಕೊಂಡ್ ಬಂದ್ರಿ?"

"ತಳ್ಳೋದಾ? ಓಡಿಸ್ಕೊಂಡ್ ಬಂದೆ!"

"ಹಾಗಿದ್ರೆ ಇಂಜಿನ್ ಸದ್ದೇ ಕೇಳ್ಲಿಲ್ಲ, ನೀವ್ಯಾಕ್ರೀ ಬುಸುಗುಡ್ತಿದೀರಿ?"

ಅಷ್ಟರಲ್ಲಿ ಅತ್ತೆಯೂ ಹೊರಗೆ ಬಂದು ಬೈಕನ್ನು ಬಗ್ಗಿ ನೋಡಿದರು. "ಇದೇನು ಅಳಿಯಂದಿರೇ, ಮೂಳೆ ಕರುಳು ಎಲ್ಲಾ ಹೊರಗೇ ಇದೆ! ಪೂರ್ತಿ ಮಾಡೋದಕ್ಕೆ ಮುಂಚೇನೇ ಕೊಟ್ಬಿಟ್ರಾ?"

"ಇದು ನೇಕೆಡ್ ಬೈಕು ಅತ್ತೆ. ಇರೋದೇ ಹೀಗೆ."

ಹೆಂಡತಿ ಆ ಪದದ ಅರ್ಥವನ್ನು ತಾಯಿಯ ಕಿವಿಯಲ್ಲಿ ಹೇಳಿದ್ದೇ ತಡ, ಅತ್ತೆ ಒಳಗೆ ಓಡಿದರು. ದೊಡ್ಡ ದೊಡ್ಡ ಗುಲಾಬಿ ಹೂಗಳಿದ್ದ ಹಳೆಯ ಬೆಡ್‌ಶೀಟ್ ತಂದು ಬೈಕಿನ ಮೇಲೆ ಹೊದಿಸಿದರು. "ಊರಿಗೆಲ್ಲ ಬಟ್ಟೆ ಹೊಲಿಯೋ ಮನೆ! ನಾಲ್ಕು ಜನ ನೋಡಿದ್ರೆ ಏನಂದಾರು?"

ಹೆಂಡತಿ ಮಾತ್ರ ಬೆಡ್‌ಶೀಟ್ ಎತ್ತಿ ಟೈರು ಒತ್ತಿ ನೋಡಿದಳು, ಚೈನು ಅಲುಗಿಸಿದಳು, ಬ್ರೇಕು ಹಿಡಿದಳು. "ಗಾಡಿ ಚೆನ್ನಾಗಿದೆ," ಎಂದಳು. ದರ್ಜಿಯ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು. "ಒಂದ್ಸಲಾನೂ ಆಫ್ ಮಾಡದೆ ಎದುರಿನ ಪಾರ್ಕು ಸುತ್ತಿ ಬನ್ನಿ. ಆಮೇಲೆ ನಿಮ್ಮ ಹಿಂದೆ ಕೂತು ಅಕ್ಕನ ಮನೆಗೆ ಊಟಕ್ಕೆ ಬರ್ತೀನಿ. ಮಾತು ಅಂದ್ರೆ ಮಾತು."

ಅಂದಿನಿಂದ ದರ್ಜಿಯ ತಪಸ್ಸು ಶುರುವಾಯಿತು. ಬೆಳಗ್ಗೆ ಎದ್ದು ಮಾರುಕಟ್ಟೆಯ ಹಿಂದಿನ ಖಾಲಿ ಜಾಗಕ್ಕೆ ಬೈಕು ತಳ್ಳಿಕೊಂಡು ಹೋಗುವುದು, ಕ್ಲಚ್ಚು ಬಿಡುವುದು, ಬೈಕು ಕಪ್ಪೆಯಂತೆ ಕುಪ್ಪಳಿಸಿ ಕೆಮ್ಮಿ ನಿಲ್ಲುವುದು, ಮತ್ತೆ ಶುರು! ಅಲ್ಲಿ ಮಲಗುತ್ತಿದ್ದ ನಾಯಿಗಳು ಬೇರೆ ಜಾಗ ನೋಡಿಕೊಂಡವು. ಕೊನೆಗೊಂದು ದಿನ ಹೊಲಿಗೆ ಯಂತ್ರದ ಪೆಡಲು ನೆನೆದು, ಕಾಲಿಗೆ ಕಲಿಸಿದ ಹದವನ್ನು ಕೈಗೂ ಕಲಿಸಿದ. ಬೈಕು ಬೆಣ್ಣೆಯಂತೆ ಹೊರಟಿತು. ದರ್ಜಿಯ ಕಣ್ಣಲ್ಲಿ ನೀರು ಬಂತು. ಗಾಳಿಗೆ ಎಂದು ತನಗೆ ತಾನೇ ಹೇಳಿಕೊಂಡ.

ಉಳಿದದ್ದು ಗುಲಾಬಿ ಬೆಡ್‌ಶೀಟಿನ ಅವಮಾನ. ಜಟ್ಟಿಯಂಥ ಬೈಕು ದಿನವೂ ಅದನ್ನು ಹೊದ್ದು ನಿಲ್ಲುವುದೇ? ದರ್ಜಿ ಟೇಪು ಹಿಡಿದು ಅಳತೆ ತೆಗೆದ. ಕಡುನೀಲಿ ಮಳೆಕೋಟಿನ ಬಟ್ಟೆ ತಂದ. ಒಳಗೆ ಲೈನಿಂಗು, ಮುಂದೆ ಕಾಲರು, ಕನ್ನಡಿಗಳಿಗೆ ಎರಡು ಪುಟ್ಟ ತೋಳು, ಪಕ್ಕದಲ್ಲಿ ಹಿತ್ತಾಳೆಯ ಗುಂಡಿ! ಯಾವ ಮದುಮಗನಿಗೂ ಅಂಥ ಕೋಟು ಅವನು ಹೊಲಿದುಕೊಟ್ಟಿರಲಿಲ್ಲ.

ಭಾನುವಾರ ಬಂತು. ಹೆಂಡತಿ ಬೆಳಗಿನ ಪಾಳಿಗೆ ಹೋಗಿದ್ದಳು. ಮಧ್ಯಾಹ್ನ ಅಕ್ಕನ ಮನೆಯ ಊಟ. ದರ್ಜಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಲ್ಮೆಟ್ ಧರಿಸಿ, ಪಾರ್ಕನ್ನು ಪೂರ್ತಿ ಒಂದು ಸುತ್ತು ಹಾಕಿದ. ಬೈಕು ಒಂದು ಸಲವೂ ಆಫ್ ಆಗಲಿಲ್ಲ! ಆನಂದ ತಡೆಯಲಾರದೆ ಇನ್ನೂ ನಾಲ್ಕಾರು ಸುತ್ತು ಹಾಕಿ, ಮನೆಯ ಗೇಟಿಗೆ ಬಂದಾಗ ಪಕ್ಕದ ಮನೆಯ ಪೇಂಟರ್ ಸೇರಿ ಒಂದಷ್ಟು ಜನ ನೋಡುತ್ತ ನಿಂತಿದ್ದರು. ಇಂಥ ಸಭೆ ಮತ್ತೆ ಸಿಕ್ಕೀತೇ?

"ತಡೀರಿ, ಇದಕ್ಕೊಂದು ಕೋಟಿದೆ!" ಎಂದು ದರ್ಜಿ ಒಳಗೆ ಓಡಿ ಕೋಟು ತಂದ. ತೊಡಿಸಿದ. ಗುಂಡಿ ಹಾಕಿದ. ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತ. "ಫಿಟ್ಟಿಂಗ್ ನೋಡಿ!"

"ಭಲೇ!" ಎಂದ ಪೇಂಟರ್. ಆಮೇಲೆ ಮೂಗು ಅರಳಿಸಿದ. "ಏನೋ ಸುಟ್ಟ ವಾಸನೆ..."

"ಹೊಸ ಬಟ್ಟೆ ವಾಸನೆ ಕಣ್ರೀ."

"ಹೊಸ ಬಟ್ಟೆ ಹೊಗೆ ಬಿಡುತ್ತಾ?"

ಸೈಲೆನ್ಸರ್ ಕಾದು ಕೆಂಡವಾಗಿದ್ದುದನ್ನು ದರ್ಜಿ ಮರೆತೇಬಿಟ್ಟಿದ್ದ! ಕಾಲರಿನಿಂದ ಬುಸಬುಸ ಹೊಗೆ ಎದ್ದಿತು. ಅವನು ಗುಂಡಿಗೆ ಕೈ ಹಾಕಿದ. ತಾನೇ ಬಿಗಿಯಾಗಿ ಹೊಲಿದ ಗುಂಡಿ, ಬಿಚ್ಚಿಕೊಳ್ಳಲೊಲ್ಲದು!

"ಬೆಂಕಿ!" ಎಂಬ ಕೂಗಿನೊಂದಿಗೆ ಅತ್ತೆ ಬಟ್ಟೆ ನೆನೆಹಾಕಿದ್ದ ಬಕೆಟ್ ಎತ್ತಿಕೊಂಡು ಬಂದರು.

"ಅತ್ತೇ, ಬೇಡಾ—"

ಅರ್ಧ ನೀರು ಬೈಕಿನ ಮೇಲೆ, ಅರ್ಧ ಅಳಿಯನ ಮೇಲೆ, ಒಂದು ಕಾಲುಚೀಲ ಹೆಡ್‌ಲೈಟಿನ ಮೇಲೆ. ಹೊಗೆ ನಿಂತಿತು. ಜೊತೆಗೆ ಇಂಜಿನ್ನೂ ಕೆಟ್ಟು ಕೂತಿತು. ಸ್ಟಾರ್ಟ್ ಗುಂಡಿ ಒತ್ತಿದರೆ ಬೈಕು ಕುಂಯ್ ಕುಂಯ್ ಎಂದು ಅತ್ತಿತೇ ಹೊರತು ಗುಡುಗಲಿಲ್ಲ.

ಸರಿಯಾಗಿ ಆ ಹೊತ್ತಿಗೆ ಹೆಂಡತಿ ಯೂನಿಫಾರ್ಮಿನಲ್ಲೇ ಬಂದಳು. ತಲೆಯ ತುಂಬ ಸೋಪಿನ ನೊರೆ ಹೊತ್ತು ನಿಂತ ಗಂಡನನ್ನೂ, ಸೈಲೆನ್ಸರಿಗೆ ಮೇಣದಂತೆ ಅಂಟಿದ ಕೋಟನ್ನೂ ನೋಡಿದಳು. ಬೈಯಲಿಲ್ಲ. ದರ್ಜಿಗೆ ಭಯವಾದದ್ದೇ ಅದಕ್ಕೆ.

"ಪಾರ್ಕು?" ಎಂದು ಕೇಳಿದಳು.

"ಸುತ್ತಿದೆ! ಒಂದ್ಸಲಾನೂ ಆಫ್ ಆಗಿಲ್ಲ! ಬೇಕಾದ್ರೆ ಪೇಂಟರ್‌ನ ಕೇಳು."

"ಹೌದಮ್ಮ," ಎಂದ ಪೇಂಟರ್. "ನಿಲ್ಲಿಸೋದೇ ಮರೆತ್ರೇನೋ ಅನ್ಕೊಂಡಿದ್ದೆ."

ಅವಳು ಗಂಡನನ್ನು ಒಮ್ಮೆ ನೋಡಿದಳು. ತುಟಿಯ ತುದಿಯಲ್ಲಿ ಏನೋ ಮಿಂಚಿ ಮಾಯವಾಯಿತು. "ಮಾತು ಕೊಟ್ಟಿದೀನಲ್ಲ, ಹೋಗೋಣ. ಮೊದಲು ಇದು ಸ್ಟಾರ್ಟ್ ಆಗ್ಲಿ."

ಕೋಟನ್ನು ಕತ್ತರಿಸಿ ಎಳೆದಳು, ಪ್ಲಗ್ಗು ಒರೆಸಿದಳು, ತನ್ನ ಸ್ಕೂಟರಿನ ಹೆಲ್ಮೆಟ್ ಹಾಕಿ ಸೀಟೇರಿದಳು. "ಹೂಂ, ತಳ್ಳಿ!"

ದರ್ಜಿ ತಳ್ಳಿದ. ಪೇಂಟರ್ ತಳ್ಳಿದ. ಅತ್ತೆ ಬಕೆಟ್ ಹಿಡಿದು ಹಿಂದೆ ಓಡಿದರು. ಅವಳು ಕ್ಲಚ್ಚು ಬಿಟ್ಟಳು. ಬೈಕು ಘರ್ಜಿಸಿ ಮುಂದೆ ನೆಗೆಯಿತು!

"ನಿಲ್ಸು, ನಾನು ಹತ್ತಬೇಕು!"

"ನಿಲ್ಸಿದ್ರೆ ಆಫ್ ಆಗುತ್ತೆ! ನಿಧಾನ ಮಾಡ್ತೀನಿ, ಹತ್ಕೊಳ್ಳಿ!"

ಅವಳ ಬಸ್ಸು ಸ್ಟಾಪಿನಲ್ಲಿ ಸರಿಯಾಗಿ ನಿಲ್ಲುವುದಿಲ್ಲ ಎಂದು ಗಿರಾಕಿಗಳು ದೂರಿದಾಗಲೆಲ್ಲ ದರ್ಜಿ ಹೆಂಡತಿಯ ಪರ ವಾದಿಸಿದ್ದ. ಈಗ ಒಂದು ಕೈಯಲ್ಲಿ ಹೆಲ್ಮೆಟ್, ಇನ್ನೊಂದರಲ್ಲಿ ಜಾರುತ್ತಿದ್ದ ಪ್ಯಾಂಟು ಹಿಡಿದು ಓಡುತ್ತ ಮನಸ್ಸಿನಲ್ಲೇ ಅವರೆಲ್ಲರ ಕ್ಷಮೆ ಕೇಳಿಕೊಂಡ. ಹೇಗೋ ಎಗರಿ ಕೂತು ಹೆಲ್ಮೆಟ್ ತಲೆಗೇರಿಸಿದ.

ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಅವಳು ಇಂಜಿನ್ ಆಫ್ ಆಗದಂತೆ ಆಕ್ಸಿಲರೇಟರ್ ತಿರುಗಿಸುತ್ತ ನಿಂತಾಗ, ಪಕ್ಕಕ್ಕೇ ಬಂದು ನಿಂತದ್ದು ಅವಳದೇ ಡಿಪೋದ ಬಸ್ಸು. ಕಂಡಕ್ಟರ್ ಬಾಗಿಲಿಂದ ಬಾಗಿ ಕೂಗಿದ: "ಏನ್ ಮೇಡಂ, ಭರ್ಜರಿ ಗಾಡಿ! ಯಾವಾಗ ತಗೊಂಡ್ರಿ?"

ದರ್ಜಿ ಹೆಲ್ಮೆಟ್ಟಿನೊಳಗೇ ತಲೆ ತಗ್ಗಿಸಿದ.

"ನಂದಲ್ಲಪ್ಪ, ನಮ್ಮ ಯಜಮಾನ್ರದ್ದು," ಎಂದಳು ಅವಳು, ಇಡೀ ಬಸ್ಸಿಗೇ ಕೇಳುವಂತೆ. "ಪಾರ್ಕೆಲ್ಲ ಅವ್ರೇ ಓಡಿಸ್ತಾರೆ. ದೂರ ಹೋಗೋವಾಗ ಮಾತ್ರ ಡ್ರೈವರ್ ಇಟ್ಕೊಂಡಿದ್ದಾರೆ!"

ಬಸ್ಸಿನ ಕಿಟಕಿಗಳೆಲ್ಲ ನಕ್ಕವು. ದರ್ಜಿಯ ತಲೆ ತಾನಾಗಿ ಮೇಲೆದ್ದಿತು. ಒದ್ದೆ ಅಂಗಿಯ ಕಾಲರ್ ಸರಿಮಾಡಿಕೊಂಡು, ಎದೆಯುಬ್ಬಿಸಿ, ಬಸ್ಸಿನತ್ತ ದೊಡ್ಡ ಮನುಷ್ಯರಂತೆ ಕೈಬೀಸಿದ. ಸಿಗ್ನಲ್ ಹಸಿರಾಯಿತು. ಅವನು ಮುಂದಿನ ಬೆನ್ನನ್ನು ತಟ್ಟಿ ಗತ್ತಿನಿಂದ ಅಪ್ಪಣೆ ಕೊಟ್ಟ: "ನಡಿ ಡ್ರೈವರ್!"

ಬೈಕು ಒಮ್ಮೆ ಸೀನಿ ಆಫ್ ಆಯಿತು.

ಹೆಂಡತಿ ತಿರುಗಿ ನೋಡಿ ವಿನಯದಿಂದ ಹೇಳಿದಳು: "ಸಾಹೇಬ್ರು ಸ್ವಲ್ಪ ಇಳಿದು ತಳ್ಬೇಕು."