ಹದಿನಾಲ್ಕು ದಿನದ ನೀತಿ

ಎಷ್ಟು ಕಲಿಸಿದರೂ ಯಾರೂ ಕಲಿಯುವುದಿಲ್ಲ ಎಂದು ಮಾಸ್ತರರು ಗೋಳಾಡುವುದನ್ನು ಕೇಳಿದ್ದೇನೆ. ನನ್ನ ಗೋಳು ಬೇರೆ. ನನ್ನ ಹುಡುಗರು ಕಲಿಯುತ್ತಾರೆ, ಚೆನ್ನಾಗಿಯೇ ಕಲಿಯುತ್ತಾರೆ. ಕಲಿತ ಮೇಲೆ ಏನು ಮಾಡುತ್ತಾರೆ ಎನ್ನುವುದೇ ತೊಂದರೆ. ಕುರಿ, ಎಮ್ಮೆ, ದನ ಸಾಕುವ ಎಳೆಯರಿಗೆ ನೀತಿ ಮತ್ತು ಸುರಕ್ಷಿತ ಆಹಾರದ ಪಾಠ ಹೇಳುವುದು ನನ್ನ ಕೆಲಸ. ಗಡಿಯಾಚೆಯ ಉಮರಗಾ, ನಿಲಂಗಾ, ಉದಗೀರ ಎಂದು ಊರೂರು ಸುತ್ತುತ್ತೇನೆ. ಬೋರ್ಡು ಮರಾಠಿಯಲ್ಲಿ, ಪಾಠ ಕನ್ನಡದಲ್ಲಿ, ಹುಡುಗರ ನೆಪಗಳು ಎರಡರಲ್ಲೂ. ಇಲ್ಲಿ ಹೇಳುವುದೆಲ್ಲ ಕಾಸಾರಶಿರಸಿ ಸುತ್ತಲಿನ ಒಂದೇ ತಂಡದ ಕಥೆ. ಇಪ್ಪತ್ತು ಮಂದಿಯಲ್ಲಿ ಒಬ್ಬರಾದರೂ ಹೇಳಿದಂತೆ ನಡೆದರೆ ನಾನು ತಿಂದ ಅನ್ನ ದಕ್ಕಿತು ಎಂದುಕೊಂಡು ಶುರು ಮಾಡಿದ್ದೆ.

೧. ಉಪ್ಪು

ಸಂತೆಗೆ ಒಯ್ಯುವ ಮುಂಚೆ ಕುರಿಗೆ ಉಪ್ಪು ತಿನ್ನಿಸಿ, ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ, ತೂಕ ಏರಿಸುವ ಮೋಸವೊಂದಿದೆ. ಅದು ಕೊಳ್ಳುವವನಿಗೂ ದ್ರೋಹ, ಮೂಕಪ್ರಾಣಿಗೂ ಹಿಂಸೆ ಎಂದು ಒಂದು ತಾಸು ಗಂಟಲು ಹರಿದುಕೊಂಡೆ. ಎಲ್ಲರೂ ತಲೆ ಬಗ್ಗಿಸಿ ಬರೆದುಕೊಂಡರು. ಇಷ್ಟು ಶ್ರದ್ಧೆ ನಾನು ಎಂದೂ ಕಂಡಿರಲಿಲ್ಲ. ಕೊನೆಗೆ ಹಿಂದಿನ ಸಾಲಿನವನೊಬ್ಬ ಎದ್ದು ನಿಂತ.

"ಸರ್, ಭಾಳ ಚಲೋ ಹೇಳಿದ್ರಿ. ಖರೇ, ಒಂದ್ ಕುರಿಗಿ ಉಪ್ಪು ಎಷ್ಟ್ ಹಾಕ್ಬೇಕು, ಅದೊಂದು ಹೇಳ್ಲಿಲ್ರೀ."

ಮುಂದಿನ ವಾರ ಔರಾದ ಶಹಾಜನಿಯ ಸಂತೆಗೆ ಹೋಗಿದ್ದೆ. ನಮ್ಮ ತಂಡದವರ ಕುರಿಗಳೆಲ್ಲ ಹೊಟ್ಟೆ ಉಬ್ಬಿಸಿಕೊಂಡು ನಿಂತಿದ್ದವು. ನಾನು ಹೇಳುವ ತನಕ ಪಾಪ, ಅವರಿಗೆ ಆ ವಿದ್ಯೆ ಗೊತ್ತೇ ಇರಲಿಲ್ಲವಂತೆ.

೨. ಕಪ್ಪು ಮಚ್ಚೆ

ನಮ್ಮ ಕಡೆಯ ದೇವಣಿ ದನಗಳಲ್ಲಿ ಬಿಳಿ ಮೈಮೇಲೆ ಕಪ್ಪು ಮಚ್ಚೆ ಇರುವ ಒಂದು ಬಗೆಯುಂಟು. ಮಚ್ಚೆ ಎದ್ದು ಕಂಡರೆ ನೋಡುವವರಿಗೆ ಖುಷಿ. ಉದಗೀರದಲ್ಲಿ ದನಗಳ ಪ್ರದರ್ಶನ ಇತ್ತು. ದಾಳಿಂಬ ಎಂಬ ಊರಿನಿಂದ ಬರುತ್ತಿದ್ದ ನನ್ನ ಶಿಷ್ಯನೊಬ್ಬ ತನ್ನ ಹೋರಿಯನ್ನು ತಂದಿದ್ದ. ತಿಂಗಳ ಹಿಂದೆ ನಾನೇ ನೋಡಿದ ಹೋರಿ ಅದು, ಆಗ ಮೈಮೇಲೆ ಒಂದೋ ಎರಡೋ ಮಚ್ಚೆ. ಈಗ ನೋಡಿದರೆ ಕುತ್ತಿಗೆಯಿಂದ ಬಾಲದ ತನಕ ಮಚ್ಚೆಯೇ ಮಚ್ಚೆ! ತೀರ್ಪುಗಾರರು ಪ್ರೀತಿಯಿಂದ ಬೆನ್ನು ಸವರಿದರು. ಅಂಗೈ ಕಪ್ಪಾಯಿತು. ಒರೆಸಿಕೊಂಡ ಬಿಳಿ ಅಂಗಿಯೂ ಕಪ್ಪಾಯಿತು.

ನನಗೆ ನಾಚಿಕೆಯಿಂದ ಭೂಮಿಗಿಳಿದುಹೋದಂತಾಯಿತು. ಹುಡುಗನನ್ನು ಪಕ್ಕಕ್ಕೆ ಎಳೆದೆ. "ಇಲ್ಲದ್ದು ಅದ ಅಂತ ತೋರ್ಸೋದು ಮೋಸ ಅಂತ ಎಷ್ಟ್ ಸಲ ಬಡ್ಕೊಂಡೀನಿ ನಿನಗ?"

ಅವನು ನನ್ನ ತಲೆಯನ್ನೇ ದಿಟ್ಟಿಸಿ ನೋಡಿದ. ಕಣ್ಣಲ್ಲಿ ಕುಚೇಷ್ಟೆಯಿರಲಿಲ್ಲ, ನಿಜವಾದ ಗೌರವವಿತ್ತು.

"ಸರ್, ನೀವು ಯಾವ ಕಂಪನೀದು ಹಚ್ಚತೀರಿ? ನಿಮ್ಮದು ಕೈಗಿ ಹತ್ತಂಗೇ ಇಲ್ಲ ನೋಡ್ರಿ."

ಅಂದಿನಿಂದ ನಾನು ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದೇನೆ. ಹೋರಿಯದು ಇನ್ನೂ ನಡೆದಿದೆಯಂತೆ.

೩. ಕರೀ ಚಾ

ಒಬ್ಬನ ಎಮ್ಮೆಗೆ ಕೆಚ್ಚಲು ಬಾವು ಬಂದು ಸೂಜಿ ಹಾಕಿಸಿದ್ದರು. ಔಷಧ ಹಾಲಿನಲ್ಲಿ ಇಳಿಯುತ್ತದೆ, ಐದು ದಿನ ಆ ಹಾಲನ್ನು ಯಾರೂ ಕುಡಿಯಬಾರದು ಎಂದು ಪಾಠದಲ್ಲಿ ಹೇಳಿದ್ದೆ. ಎರಡನೆಯ ದಿನ ನೋಡಿ ಬರೋಣ ಎಂದು ಅವನ ಮನೆಗೆ ಹೋದೆ. ಅವನ ತಾಯಿ ನನಗೆ ಕರೀ ಚಾ ತಂದುಕೊಟ್ಟಳು.

"ಮನ್ಯಾಗ ಒಂದ್ ಹನಿ ಮುಟ್ಟಿಲ್ರೀ ಸರ್," ಎಂದ ಹುಡುಗ. "ಅಕ್ಕನ ಕೂಸು ಅತ್ತರೂ ಕೊಟ್ಟಿಲ್ಲ. ನೀವು ಹೇಳಿದ್ದು ಅಂದ್ರ ಹೇಳಿದ್ದು."

ನನ್ನ ಕಣ್ಣು ತುಂಬಿ ಬಂದವು. ಅಂತೂ ಒಬ್ಬ ಸಿಕ್ಕ! "ಹಾಲು ಎಲ್ಲಿ ಚೆಲ್ಲಿದಿ?" ಎಂದೆ.

"ಚೆಲ್ಲೋದ್ಯಾಕ್ರೀ? ಡೇರಿಗಿ ಹಾಕ್ಲಾಕತ್ತೀವಿ."

"ಅದನ್ನ ಮಂದಿ ಕುಡಿಯಾಂಗಿಲ್ಲೇನೋ?"

"ಅದು ನಿಲಂಗಾಕ್ಕ ಹೋಗ್ತದ್ರೀ. ಅಲ್ಲಿ ನಮ್ಮವರು ಯಾರೂ ಇಲ್ಲ." ಅಷ್ಟರಲ್ಲಿ ಅವನಿಗೆ ಏನೋ ಹೊಳೆದು ಮುಖ ಬಾಡಿತು. "ಅಯ್ಯ, ಸರ್, ನಿಮ್ಮ ಮನಿ ನಿಲಂಗಾದಾಗೇ ಅಲ್ರೀ? ನಿಮ್ಮ ಮನಿಯವರಿಗಿ ಹೇಳ್ರಿ, ಇನ್ನ ಮೂರ್ ದಿನ ಕರೀ ಚಾನೇ ಮಾಡ್ಲಿ."

೪. ದೇವರ ಟಗರು

ಇಪ್ಪತ್ತರಲ್ಲಿ ಒಬ್ಬಳು ಮಾತ್ರ ಬೇರೆಯಾಗಿದ್ದಳು. ಕುರಿ ಸಾಕುವ, ಬೀರಪ್ಪ ದೇವರಿಗೆ ನಡೆದುಕೊಳ್ಳುವ ಮನೆಯ ಹುಡುಗಿ. ತಾಯಿ ಸತ್ತ ಮರಿಯೊಂದನ್ನು ಬಾಟಲಿ ಹಾಲು ಹಾಕಿ ಟಗರು ಮಾಡಿದ್ದಳು. ಅದರ ಕಾಲಿನಲ್ಲಿ ಕೀವಾಗಿ ಸೂಜಿ ಹಾಕಬೇಕಾಯಿತು. ಹದಿನಾಲ್ಕು ದಿನ ಅದರ ಮಾಂಸ ತಿನ್ನುವಂತಿಲ್ಲ ಎಂದು ಹೇಳಿದ್ದೆ. ಅವಳ ಕಾಕಾ ಮಾತ್ರ ಮರುದಿನವೇ ಅದನ್ನು ಸಂತೆಗೆ ಒಯ್ಯಲು ಹಗ್ಗ ಹಿಡಿದು ನಿಂತಿದ್ದ. ಅವಳು ಅತ್ತಳು, ಕಾಲು ಹಿಡಿದಳು. ಅವನು ಕೇಳಲಿಲ್ಲ.

ಎರಡು ದಿನದ ಮೇಲೆ ನಗುತ್ತ ತರಗತಿಗೆ ಬಂದಳು.

"ಸರ್, ಟಗರಿನ ಹಣಿಗಿ ಭಂಡಾರ ಹಚ್ಚಿ, ದೇವರಿಗಿ ಬಿಟ್ಟೀನಿ ಅಂತ ಹೇಳೀನ್ರೀ. ಕಾಕಾ ಕೈ ಮುಗಿದು ಹಗ್ಗ ಬಿಟ್ಟಾನ."

ದೇವರಿಗೆ ಬಿಟ್ಟದ್ದನ್ನು ಯಾರೂ ಮಾರುವುದಿಲ್ಲ. ನನ್ನ ಪಾಠಕ್ಕೆ ಹೆದರದ ಊರು ಒಂದು ಚಿಟಿಕೆ ಅರಿಶಿನ ಪುಡಿಗೆ ಹೆದರಿತ್ತು. ಸುಳ್ಳು ಹೇಳಿದ್ದು ತಪ್ಪು ಎನ್ನಬೇಕಾದ ನಾನು ಎಲ್ಲರೆದುರು ಶಹಬ್ಬಾಸ್ ಎಂದೆ, ಚಪ್ಪಾಳೆ ಹೊಡೆಸಿದೆ. ದೇವರಿಗೆ ಬಿಟ್ಟದ್ದನ್ನು ಮುಂದೆ ಏನು ಮಾಡುತ್ತಾರೆ ಎಂದು ಅವಳೂ ಯೋಚಿಸಲಿಲ್ಲ, ಬುದ್ಧಿವಂತನಾದ ನಾನೂ ಯೋಚಿಸಲಿಲ್ಲ.

ಮುಂದಿನ ಶನಿವಾರ ಕಾಕಾನೇ ತರಗತಿಗೆ ಬಂದ. "ನಾಳಿ ಮನ್ಯಾಗ ದೇವರ ಕಾರ್ಯ ಅದರೀ ಸರ್. ನೀವು, ನಿಮ್ಮ ಪೋರಗೋಳು ಎಲ್ಲಾರೂ ಊಟಕ್ಕ ಬರ್ಬೇಕು." ಹುಡುಗಿ ಅಂದು ಬಂದಿರಲಿಲ್ಲ. ಕಾರ್ಯದ ಗಡಿಬಿಡಿಯಿರಬೇಕು ಎಂದುಕೊಂಡೆ.

ರವಿವಾರ ಅರ್ಧ ಊರೇ ಅಲ್ಲಿ ಸೇರಿತ್ತು. ಪಂಕ್ತಿಯಲ್ಲಿ ಮೊದಲು ನಾನು, ನನ್ನ ಪಕ್ಕಕ್ಕೆ ಸಾಲಾಗಿ ನನ್ನ ಹುಡುಗರು, ಎದುರಿಗೆ ಮುದುಕಿಯರು, ಮಕ್ಕಳು. ಆ ಹುಡುಗಿ ಪಾತ್ರೆ ಹಿಡಿದು ನನ್ನ ಮುಂದೆ ಬಂದು ನಿಂತಾಗ ಅವಳ ಕಣ್ಣು ಅತ್ತು ಊದಿದ್ದವು.

"ಸರ್," ಎಂದಳು, ಎಲ್ಲರಿಗೂ ಕೇಳುವಂತೆ. "ಇದು ನನ್ನ ಟಗರು. ಒಂಬತ್ತೇ ದಿನ ಆಗ್ಯಾವ್ರೀ. ನನ್ನ ಮಾತು ಯಾರೂ ಕೇಳವಲ್ರು. ನೀವಾದ್ರೂ ಹೇಳ್ರಿ."

ಕಾಕಾ ಬಂದ. "ಸೂಜಿ ಸೂಜಿ ಅಂತ ನಿನ್ನಿಯಿಂದ ಒದರ್ಲಾಕತ್ಯಾಳ್ರೀ. ದೇವರದು ಮನ್ಯಾಗ ಭಾಳ ದಿನ ಇಟ್ಕೋತಾರೇನು? ಪ್ರಸಾದಕ್ಕ ಸೂಜಿ ಏನ್ ಮಾಡ್ತದ? ಬೇಕಾದ್ರ ಸರ್ ಹೇಳ್ಲಿ. ನೀವು ತಿನಬ್ಯಾಡ್ರಿ ಅಂದ್ರ ಈಗೇ ತಗ್ಗು ತೋಡಿ ಮುಚ್ಚತೀನಿ."

ಪಂಕ್ತಿಗೆ ಪಂಕ್ತಿಯೇ ನನ್ನ ಬಾಯಿ ನೋಡಿತು. ಬ್ಯಾಡ ಎನ್ನುವ ಒಂದು ಮಾತು ಸಾಕಿತ್ತು. ಆಮೇಲೆ ಮಾತಿಗೆ ಮಾತು ಬೆಳೆದು ಭಂಡಾರದ ಸುಳ್ಳು ಹೊರಬೀಳುತ್ತಿತ್ತು, ಆ ಸುಳ್ಳಿಗೆ ನಾನು ಚಪ್ಪಾಳೆ ಹೊಡೆಸಿದ್ದೂ ಹೊರಬೀಳುತ್ತಿತ್ತು, ಆ ಊರಿನಲ್ಲಿ ನನ್ನ ತರಗತಿ ಮುಗಿಯುತ್ತಿತ್ತು. ಅದೆಲ್ಲ ಆಮೇಲೆ ನಾನು ಕಟ್ಟಿಕೊಂಡ ಲೆಕ್ಕ. ಆ ಹೊತ್ತಿಗೆ ನನಗಿದ್ದದ್ದು ಬರೀ ಹೆದರಿಕೆ.

"ನನಗ ಇವತ್ತ ಉಪವಾಸ ಅದ," ಎಂದೆ.

"ರವಿವಾರ ಎಂಥಾ ಉಪವಾಸ್ರೀ?"

"ಹೊಸದಾಗಿ ಹಿಡ್ದೀನಿ."

ನನ್ನ ಪಕ್ಕದವನು ಕೂಡಲೇ ತಟ್ಟೆ ಸರಿಸಿದ. "ನನಗೂ ಉಪವಾಸ್ರೀ ಕಾಕಾ." ಅವನ ಪಕ್ಕದವನು, "ಮಲಾ ಪಣ ಉಪವಾಸ ಆಹೆ." ಹಾಗೆಯೇ ಸಾಲಿನ ಕೊನೆಯ ತನಕ ಒಬ್ಬರಾದ ಮೇಲೆ ಒಬ್ಬರು ಹತ್ತೊಂಬತ್ತು ಮಂದಿಗೂ ಉಪವಾಸ. ಎದುರಿನ ಮುದುಕಿಯರು, ಮಕ್ಕಳು ಉಣ್ಣತೊಡಗಿದರು.

ಕಾಕಾನ ಮುಖ ಅರಳಿತು. "ನಿಮ್ಮ ಟ್ರೇನಿಂಗ್ ಭಾರಿ ಅದರೀ ಸರ್! ಈ ಉಡಾಳ ಪೋರಗೋಳಿಗಿ ಇಷ್ಟು ಭಕ್ತಿ ಹ್ಯಾಂಗ್ ಹಚ್ಚಿದ್ರಿ?" ಒಳಗೆ ತಿರುಗಿ, ಉಪವಾಸದವರಿಗೆ ಬಾಳೆಹಣ್ಣು ತರಲು ಕೂಗಿದ.

ಹುಡುಗಿಯೇ ತಂದಳು. ನನ್ನ ಖಾಲಿ ತಟ್ಟೆಯಲ್ಲಿ ಒಂದು ಹಣ್ಣು ಇಟ್ಟು, ಮೆಲ್ಲಗೆ, ಬಹಳ ಮರ್ಯಾದೆಯಿಂದ ಹೇಳಿದಳು:

"ತಿನ್ರಿ ಸರ್. ಇದಕ್ಕ ಸೂಜಿ ಹಾಕಿಲ್ಲ."